ನಮ್ಮ ಗಣಿತದ ಟೀಚರು ತೀರಿಕೊಂಡಿದ್ದನ್ನು ಮಕ್ಕಳಿಗೇಕೆ ಹೇಳಲಿಲ್ಲ?

ಶಾಲೆಗಳ ಮೇಲ್ವಿಚಾರಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನನ್ನ ಮಗಳ ಗಣಿತದ ಟೀಚರು ಸೋಂಕು ತಗುಲಿ ತೀರಿಕೊಂಡರು. ತೀರಿಕೊಂಡ ಮೇಲೂ ಅವರು ವಾರಗಟ್ಟಲೆ, ರಜೆ ಕೇಳದೆ, ತಡ ಮಾಡದೆ, ದಿನಾ ಬೆಳಗ್ಗೆ ಫೋನಿನೊಳಗೆ ಬಂದು ಆರನೇ ತರಗತಿಯ ಮಕ್ಕಳಿಗೆ ಪಾಠ ಮಾಡಿದರು. ಪರದೆಯ ಮೂಲೆಯಲ್ಲಿ ‘ನೇರ ತರಗತಿ’ ಎಂಬ ಕೆಂಪು ಪಟ್ಟಿ ಉರಿಯುತ್ತಲೇ ಇತ್ತು. ಮಕ್ಕಳು ಅವರಿಗೆ ಪ್ರಶ್ನೆ ಬರೆದು ಕಳಿಸಿದರು. ಅವರ ಹೆಸರಿನಲ್ಲಿ ಉತ್ತರಗಳೂ ಬಂದವು. ಇದೇ ಹೊತ್ತಿನಲ್ಲಿ ತಾವು ಆ ಶಾಲೆಗೆ ‘ಅಡೆತಡೆಯಿಲ್ಲದ ಕಲಿಕೆ’ಗಾಗಿ ಪ್ರಶಂಸಾಪತ್ರ ಕೊಟ್ಟಿರಿ. ಕೊಡಬೇಕಾದದ್ದೇ. ಪಾಠ ಮಾಡುವವರು ಸತ್ತರೂ ನಿಲ್ಲದ ಕಲಿಕೆಗೆ ಇನ್ನು ಯಾವ ಅಡೆತಡೆ ತಾನೇ ಲೆಕ್ಕ?

ನಾನು ದೂರು ಕೊಟ್ಟೆ. ನಿಮ್ಮ ಕಚೇರಿಯಿಂದ ಉತ್ತರ ಬಂತು: ‘ಸದರಿ ದೂರನ್ನು ಪರಿಶೀಲಿಸಿ ಪರಿಹರಿಸಲಾಗಿದೆ. ಪೋಷಕರು ಅನಗತ್ಯ ಸಂಶಯಗಳಿಗೆ ಎಡೆಗೊಡಬಾರದಾಗಿ ಕೋರಿದೆ.’ ಪರಿಹರಿಸಲಾಗಿದೆ ಎಂದರೇನು ಸ್ವಾಮಿ? ಟೀಚರು ಎದ್ದು ಬಂದರೇ? ಮಕ್ಕಳಿಗೆ ಯಾರಾದರೂ ನಿಜ ಹೇಳಿದರೇ? ಯಾರೂ ಏನೂ ಮಾಡದೆಯೇ ಒಂದು ವಿಷಯ ಪರಿಹಾರವಾಗುವುದು ನಿಮ್ಮ ಕಚೇರಿಯೊಳಗೆ ಮಾತ್ರ ಸಾಧ್ಯವಿರಬೇಕು. ಹೊರಗಿರುವ ನಮಗೆ ಆ ವಿದ್ಯೆ ಗೊತ್ತಿಲ್ಲ. ಆದ್ದರಿಂದ ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನಿಮ್ಮೊಬ್ಬರಿಗೇ ಬರೆದರೆ ಇದೂ ಪರಿಹಾರವಾಗಿಬಿಡುತ್ತದೆ ಎಂಬ ಅನುಮಾನ ನನಗಿದೆ.

ಅನುಮಾನದ ಮಾತು ಬಂತು. ನಮ್ಮ ಮನೆಯಲ್ಲಿ ಆ ಖಾತೆ ನನ್ನದೇ. ಹಾಲಿಗೆ ನೀರು ಬಿದ್ದಿದೆಯೋ ಎಂದು ಮೊದಲು ಮೂಗಿನಿಂದ ನೋಡುವವಳು ನಾನು. ತೂಕದ ಮುಳ್ಳು ನಿಲ್ಲುವ ತನಕ ಚೀಲ ಒಡ್ಡುವವಳಲ್ಲ. ನನ್ನ ಗಂಡ ರಟ್ಟಿನ ಪೆಟ್ಟಿಗೆಗಳ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಬಾಯಿ ಬಿಟ್ಟರೆ ತಮಾಷೆ. “ನಿಮ್ಮಮ್ಮ ಕನ್ನಡಿ ಮುಂದೆ ನಿಂತ್ರೂ, ಇದು ನಾನೇ ತಾನೆ ಅಂತ ಎರಡು ಸಲ ನೋಡ್ತಾಳೆ” ಎಂದು ಮಗಳ ಹತ್ತಿರ ಹೇಳಿ ನಗುತ್ತಾರೆ. ನನ್ನ ಬೆನ್ನ ಹಿಂದೆ ನೆಂಟರು ಸಂಶಯ ಪಿಶಾಚಿ ಎನ್ನುತ್ತಾರೆಂಬುದೂ ನನಗೆ ಗೊತ್ತು. ಗೊತ್ತಾದದ್ದೂ ಸಂಶಯ ಪಟ್ಟು ಕಿವಿಗೊಟ್ಟದ್ದರಿಂದಲೇ. ಹಾಗಾಗಿ ನಿಮ್ಮ ಕೋರಿಕೆ ತಲುಪಬೇಕಾದ ವಿಳಾಸಕ್ಕೇ ತಲುಪಿದೆ. ಆದರೆ ‘ಅನಗತ್ಯ’ ಎಂದಿರಲ್ಲ, ಅದನ್ನು ಮಾತ್ರ ಒಪ್ಪಲಾರೆ. ಏನಾಯಿತೆಂದು ಮೊದಲಿನಿಂದ ಹೇಳುತ್ತೇನೆ.

ನಮ್ಮದು ಒಂದು ಲಾಂಡ್ರಿಯ ಮೇಲಿನ ಎರಡು ಕೋಣೆಯ ಮನೆ. ಕೆಳಗಿನಿಂದ ಇಸ್ತ್ರಿಯ ಬಿಸಿ, ಸೋಪಿನ ವಾಸನೆ ಬರುತ್ತಿರುತ್ತದೆ. ಶಾಲೆ ಮುಚ್ಚಿ ಪಾಠಗಳು ಫೋನಿಗೆ ಬಂದಾಗ, ಮನೆಯಲ್ಲಿ ನೆಟ್‌ವರ್ಕ್ ಸಿಗುವ ಜಾಗ ಒಂದೇ ಎಂದು ಗೊತ್ತಾಯಿತು: ಫ್ರಿಜ್ಜಿಗೂ ಕಿಟಕಿಗೂ ನಡುವಿನ ಸಂದು. ಅಲ್ಲಿ ಒಂದು ಸ್ಟೂಲು ಹಾಕಿದೆವು. ಅದೇ ಆರನೇ ತರಗತಿ. ತಣ್ಣೀರು ಬೇಕೆಂದರೂ ಆರನೇ ತರಗತಿಯ ಅಪ್ಪಣೆ ಪಡೆದು ಬಾಗಿಲು ತೆಗೆಯಬೇಕಿತ್ತು.

ಮೊದಮೊದಲು ಎಲ್ಲವೂ ಚೆನ್ನಾಗಿಯೇ ಇತ್ತೆಂದು ನಾನು ಪ್ರಾಮಾಣಿಕವಾಗಿ ಹೇಳಬೇಕು. ಅದಕ್ಕೆ ಕಾರಣ ಗಣಿತದ ಟೀಚರು. ಮಕ್ಕಳು ಅವರನ್ನು ಚುಕ್ಕಿ ಟೀಚರ್ ಎನ್ನುತ್ತಿದ್ದರು. ಯಾವ ಪಾಠವಿರಲಿ, ಮೊದಲು ಬೋರ್ಡಿನ ಮೇಲೆ ಒಂದು ಚುಕ್ಕಿ ಇಟ್ಟು “ಇಷ್ಟಕ್ಕೆ ಯಾರಿಗಾದ್ರೂ ಭಯ ಇದೆಯಾ?” ಎಂದು ಕೇಳುವವರು. ಫೋನಿನಲ್ಲಿ ಪಾಠ ಮಾಡುವುದು ಅವರಿಗೂ ಹೊಸದು. ಮೊದಲ ದಿನಗಳಲ್ಲಿ ನಮಗೆ ಕಂಡದ್ದು ಅವರ ಹಣೆ ಮತ್ತು ಸೀಲಿಂಗ್ ಫ್ಯಾನು ಮಾತ್ರ. ಎಲ್ಲರ ಮೈಕೂ ತೆರೆದಿರುತ್ತಿತ್ತು. ಒಬ್ಬರ ಮನೆಯ ನಾಯಿ, ಇನ್ನೊಬ್ಬರ ಮನೆಯ ಮಿಕ್ಸಿ, ಮತ್ತೊಬ್ಬರ ಮನೆಯ ಜಗಳ ಎಲ್ಲವೂ ಪಾಠದೊಳಗೇ. ಒಂದು ದಿನ ಯಾರದೋ ಅಜ್ಜಿ “ಅಯ್ಯೋ, ಈ ಟೀಚರು ಇಷ್ಟು ಸಣ್ಣ ಆಗ್ಬಿಟ್ಟಿದಾರಲ್ಲೇ” ಎಂದದ್ದು ಇಡೀ ತರಗತಿಗೆ ಕೇಳಿಸಿತು. ಟೀಚರು ಒಂದು ಚೂರೂ ಬೇಸರಿಸದೆ “ನಾನು ಸಣ್ಣ ಆಗಿಲ್ಲಜ್ಜಿ, ನಿಮ್ಮ ಫೋನ್ ಸಣ್ಣದು” ಎಂದರು. ಪ್ರತಿಯೊಂದು ಮಗುವನ್ನೂ ಕರೆದು ಮಾತಾಡಿಸುತ್ತಿದ್ದರು. ಎಲ್ಲದಕ್ಕೂ ವಾದ ಹೂಡುವ ನನ್ನ ಮಗಳನ್ನು ‘ವಕೀಲಮ್ಮ’ ಎನ್ನುತ್ತಿದ್ದರು. “ವಕೀಲಮ್ಮ ಇವತ್ತು ಸುಮ್ನಿದಾರೆ, ಏನೋ ತಯಾರಿ ನಡೀತಿದೆ” ಎಂದರೆ ಇವಳು ಸ್ಟೂಲಿನ ಮೇಲೆ ಅರಳಿಕೊಳ್ಳುತ್ತಿದ್ದಳು.

ಆಮೇಲೆ ನಿಮ್ಮ ಆದೇಶ ಬಂತು. ಒಂದು ತರಗತಿಯೂ ರದ್ದಾಗಬಾರದು. ಶಿಸ್ತಿಗಾಗಿ ಮಕ್ಕಳ ಮೈಕುಗಳನ್ನು ಮುಚ್ಚಿಡಬೇಕು. ಪ್ರಶ್ನೆಗಳಿದ್ದರೆ ಬರೆದು ಕಳಿಸಲಿ. ಮತ್ತು ‘ಶಿಕ್ಷಕರು ಅಲಭ್ಯರಾಗುವ ಸಂದರ್ಭದ ಮುಂಜಾಗ್ರತೆಯಾಗಿ’ ಮುಂದಿನ ಪಾಠಗಳನ್ನೆಲ್ಲ ಮೊದಲೇ ವಿಡಿಯೊ ಮಾಡಿ ಶಾಲೆಗೆ ಒಪ್ಪಿಸಬೇಕು. ಆ ‘ಅಲಭ್ಯ’ ಎಂಬ ಪದದ ಮೇಲೆ ನನ್ನ ಕಣ್ಣು ಆಗಲೇ ನಿಂತಿತ್ತು. ಅಂಗಡಿಯಲ್ಲಿ ಸಕ್ಕರೆ ಮುಗಿದರೆ ಅಲಭ್ಯ ಎನ್ನುತ್ತಾರೆ. ಮನುಷ್ಯರು ಅಲಭ್ಯರಾಗುವುದು ಹೇಗೆ? ಗಂಡನನ್ನು ಕೇಳಿದೆ. “ಜ್ವರ ಗಿರ ಬಂದ್ರೆ ಅಂತ ಇರಬೇಕು. ನೀನು ಪದಕ್ಕೂ ಪೊಲೀಸ್ ಕಳಿಸ್ಬೇಡ” ಎಂದರು. ನಾನು ಸುಮ್ಮನಾದೆ. ಆ ಪದವನ್ನು ಬರೆದವರ ಮನಸ್ಸಿನಲ್ಲಿ ಏನಿತ್ತೆಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಬರೆದ ನಿಮಗಾದರೂ ಗೊತ್ತಿದೆಯೇ?

ನಾನು ಕನ್ನಡಕದ ಅಂಗಡಿಯೊಂದರ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ನಡುವೆ ಸ್ವಲ್ಪ ದಿನ ಅಂಗಡಿ ತೆರೆಯಲು ಬಿಟ್ಟಾಗ ಚುಕ್ಕಿ ಟೀಚರು ಬಂದಿದ್ದರು. ಅವರ ಕಪ್ಪು ಫ್ರೇಮಿನ ಒಂದು ಕಾಲು ಮುರಿದು, ಬಿಳಿ ದಾರದಲ್ಲಿ ಸುತ್ತಿ ಕಟ್ಟಿತ್ತು. ದುಂಡಗಿನ ಹೊಸ ಫ್ರೇಮು ಆರಿಸಿದರು. ಹಳೆಯದನ್ನು ನನ್ನ ಕೈಗೆ ಕೊಟ್ಟು “ಇದನ್ನ ನೀವೇ ಇಟ್ಕೊಳ್ಳಿ, ಮನೇಲಿದ್ರೆ ನನ್ನ ತಂಗಿ ಇದೇ ಸಾಕು ಅಂತಾಳೆ” ಎಂದು ನಕ್ಕರು. ಮಾರನೆಯ ದಿನ ಹೊಸ ಕನ್ನಡಕದಲ್ಲಿ ಪಾಠಕ್ಕೆ ಬಂದಾಗ ನನ್ನ ಮಗಳು ‘ಟೀಚರ್, ಗೂಬೆ ಥರ ಕಾಣ್ತಿದೀರ’ ಎಂದು ಬರೆದು ಕಳಿಸಿದಳಂತೆ. ನಾನು ಬೈದೆ. ಟೀಚರು ಮಾತ್ರ ಕತ್ತನ್ನು ಅತ್ತಿತ್ತ ತಿರುಗಿಸಿ ಗೂಬೆಯಂತೆ ಕಣ್ಣು ಮಿಟುಕಿಸಿ ತೋರಿಸಿದರಂತೆ. ಆ ಸಂತೋಷಕ್ಕೆ ಇವಳು ದುಂಡು ಕನ್ನಡಕದ ಗೂಬೆಯ ಚಿತ್ರ ಬರೆದು ಬಣ್ಣ ಹಚ್ಚಿ, ಶಾಲೆ ತೆರೆದ ದಿನ ಕೊಡುತ್ತೇನೆಂದು ಎತ್ತಿಟ್ಟಳು.

ಅದಾದ ಕೆಲವು ದಿನಗಳಿಗೆ ನನ್ನ ಗಂಡನಿಗೆ ಜ್ವರ ಬಂತು. ಉಸಿರು ಸಾಲದಾಯಿತು. ಆಂಬುಲೆನ್ಸಿನವರು ಮೈತುಂಬ ಪ್ಲಾಸ್ಟಿಕ್ ತೊಟ್ಟು ಮೆಟ್ಟಿಲು ಹತ್ತಿ ಬಂದರು. ಯಾವಾಗಲೂ ತಮಾಷೆ ಮಾಡುವ ಮನುಷ್ಯ ಅವತ್ತು ಒಂದೂ ಮಾತಾಡದೆ ಇಳಿದು ಹೋದರು. ನಮ್ಮ ಬಾಗಿಲಿಗೆ ಚೀಟಿ ಅಂಟಿತು. ನಾನು ಮತ್ತು ಮಗಳು ಒಳಗೆ. ನಾನು ಅಳಲಿಲ್ಲ. ಅತ್ತರೆ ಮಗು ಹೆದರುತ್ತದೆ ಎಂದುಕೊಂಡು ಪಾತ್ರೆ ತಿಕ್ಕಿದೆ, ಕಪಾಟು ಒರೆಸಿದೆ, ತಿಕ್ಕಿದ ಪಾತ್ರೆಗಳನ್ನೇ ಮತ್ತೆ ತಿಕ್ಕಿದೆ.

ಮಗಳು ನನ್ನನ್ನು ಏನೂ ಕೇಳಲಿಲ್ಲ. ಮರುದಿನ ತರಗತಿ ಶುರುವಾದಾಗ ಅವಳು ಟೀಚರಿಗೆ ಬರೆದಳು. ಆ ಸಂದೇಶ ನನ್ನ ಫೋನಿನಲ್ಲಿ ಈಗಲೂ ಇದೆ: ‘ಟೀಚರ್, ಅಪ್ಪನ್ನ ಆಂಬುಲೆನ್ಸಲ್ಲಿ ಕರ್ಕೊಂಡ್ ಹೋದ್ರು. ಅಮ್ಮ ಅಳ್ತಾನೇ ಇಲ್ಲ. ಅದಕ್ಕೇ ನಂಗೆ ಜಾಸ್ತಿ ಭಯ ಆಗ್ತಿದೆ.’

ಸ್ವಲ್ಪ ಹೊತ್ತಿಗೆ ಟೀಚರ ಹೆಸರಿನಲ್ಲಿ ಉತ್ತರ ಬಂತು: ‘ಒಳ್ಳೆಯ ಪ್ರಶ್ನೆ! ಮುಂದಿನ ತರಗತಿಯಲ್ಲಿ ಚರ್ಚಿಸೋಣ.’ ಪಕ್ಕದಲ್ಲಿ ನಗುವ ಹಳದಿ ಮುಖ.

ಮಾನ್ಯರೇ, ದಯವಿಟ್ಟು ಈ ಉತ್ತರವನ್ನು ಇನ್ನೊಮ್ಮೆ ಓದಿ. ಅವಸರವಿಲ್ಲ.

ಮರುದಿನ ಮಗಳು ತಲೆ ಬಾಚಿಕೊಂಡು ಬೇಗ ಕುಳಿತಳು. ಟೀಚರು ಚರ್ಚಿಸುತ್ತೇನೆ ಎಂದಿದ್ದರಲ್ಲ! ಟೀಚರು ಬಂದರು, ಭಿನ್ನರಾಶಿ ಹೇಳಿಕೊಟ್ಟರು, ಕೊನೆಯಲ್ಲಿ “ಎಲ್ಲರೂ ಖುಷಿಯಾಗಿದ್ದೀರಲ್ಲ? ನಾಳೆ ಸಿಗೋಣ” ಎಂದು ಹೊರಟುಹೋದರು. ಅದರ ಮರುದಿನವೂ ಹಾಗೆಯೇ. ನನ್ನ ಮಗಳು ಫೋನನ್ನು ಬೋರಲು ಹಾಕಿ ಎದ್ದಳು. ಎತ್ತಿಟ್ಟಿದ್ದ ಗೂಬೆಯ ಚಿತ್ರವನ್ನು ತೆಗೆದು ಹರಿದಳು. ಪಕ್ಕದ ಬೀದಿಯ ಗೆಳತಿಗೆ ಫೋನಿನಲ್ಲಿ “ಚುಕ್ಕಿ ಟೀಚರ್ ಮೋಸ. ಎದುರುಗಡೆ ಇದ್ದಾಗ ಮಾತ್ರ ಒಳ್ಳೇವರ ಥರ ಆಡ್ತಾರೆ” ಎನ್ನುವುದು ಕೇಳಿಸಿತು. ಬೇರೆ ದಿನವಾಗಿದ್ದರೆ ನಾನು ಬಿಡದೆ ಕೆದಕುತ್ತಿದ್ದೆ. ಆಗ ನನ್ನ ಕಿವಿಯೆಲ್ಲ ಆಸ್ಪತ್ರೆಯ ಫೋನಿನ ಕಡೆಗಿತ್ತು.

ಗಂಡ ಬದುಕಿ ಬಂದರು. ಅರ್ಧ ಮನುಷ್ಯರಾಗಿ ಬಂದರು, ಆದರೂ ಮೆಟ್ಟಿಲು ಹತ್ತುತ್ತಲೇ “ಅಲ್ಲಿ ಊಟ ನಿನ್ನ ಅಡುಗೆಗಿಂತ ಚೆನ್ನಾಗಿತ್ತು” ಎಂದರು. ಆಗ ನಾನು ಅತ್ತುಬಿಟ್ಟೆ. ಜೀವ ಹಿಡಿತಕ್ಕೆ ಬಂದ ಮೇಲೆ ಮಗಳ ಕಡೆ ನೋಡಿದೆ. ಮಾತಿನ ಮಲ್ಲಿ ಮೂಕಿಯಾಗಿದ್ದಳು. ಗಣಿತದ ತರಗತಿಯಲ್ಲಿ ಮುಖವನ್ನು ಕಿಟಕಿಗೆ ತಿರುಗಿಸಿ ಕೂರುತ್ತಿದ್ದಳು. ಏನು ನಡೆಯುತ್ತಿದೆಯೆಂದು ಒಂದು ಬೆಳಗ್ಗೆ ನಾನೂ ಪಕ್ಕದಲ್ಲಿ ಕುಳಿತೆ.

ಟೀಚರ ಮೂಗಿನ ಮೇಲೆ ಹಳೆಯ ಕಪ್ಪು ಫ್ರೇಮು. ಬಿಳಿ ದಾರದ ಗಂಟು ಚೆನ್ನಾಗಿ ಕಾಣುತ್ತಿತ್ತು.

ಹೊರಗೆ ಜೋರು ಮಳೆ. ಟೀಚರ ಮನೆ ನಮ್ಮ ಅಂಗಡಿಯ ಹಿಂದಿನ ಬೀದಿಯಲ್ಲೇ ಇದೆ. ಆದರೆ ಅವರ ಹಿಂದಿನ ಗೋಡೆಯ ಮೇಲೆ ಚೌಕಾಕಾರದ ಬಿಸಿಲು ಬಿದ್ದಿತ್ತು. “ಯಾವಾಗಿಂದ ಈ ಕನ್ನಡಕ ಹಾಕ್ತಿದಾರೆ?” ಎಂದೆ. ಮಗಳು “ಯಾರಿಗೆ ಗೊತ್ತು? ನಾನು ಅವರ ಮುಖ ನೋಡಲ್ಲ” ಎಂದಳು. ಆಮೇಲೆ ತಡೆಯಲಾರದೆ ತಾನು ಬರೆದದ್ದನ್ನೂ ಬಂದ ಉತ್ತರವನ್ನೂ ತೋರಿಸಿದಳು. ಆ ಹೆಂಗಸು ಹೀಗೆ ಬರೆಯುವವರಲ್ಲ. ಅಂಗಡಿ ಮತ್ತೆ ತೆರೆದ ದಿನ ಹೋದವಳೇ ಕೌಂಟರಿನ ಕೆಳಗಿನ ಡ್ರಾಯರು ಎಳೆದೆ. ದಾರ ಸುತ್ತಿದ ಕಪ್ಪು ಫ್ರೇಮು ಅಲ್ಲೇ ಮಲಗಿತ್ತು. ಬೆಳಗ್ಗೆ ತಾನೇ ಅದನ್ನು ಟೀಚರ ಮುಖದ ಮೇಲೆ ನೋಡಿ ಬಂದಿದ್ದೆ.

ಶಾಲೆಗೆ ಫೋನ್ ಮಾಡಿದೆ. ಮುಖ್ಯೋಪಾಧ್ಯಾಯಿನಿಯೇ ತೆಗೆದುಕೊಂಡರು.

“ಗಣಿತದ ಟೀಚರ ಹತ್ತಿರ ಸ್ವಲ್ಪ ಮಾತಾಡಬೇಕಿತ್ತು ಮೇಡಂ.”

“ಅವರು ತುಂಬಾ ಬ್ಯುಸಿ ಇದಾರೆ. ಏನಿದ್ರೂ ಬರೆದು ಕಳಿಸಿ, ಉತ್ತರ ಬರುತ್ತೆ.”

“ಉತ್ತರ ಬಂದಿದೆ ಮೇಡಂ. ಅದಕ್ಕೇ ಫೋನ್ ಮಾಡ್ತಿದೀನಿ. ಅವರು ಆರಾಮಾಗಿದಾರಾ?”

“ಕ್ಲಾಸ್ ದಿನಾ ನಡೀತಿದೆಯಲ್ಲಮ್ಮ” ಎಂದರು.

ಆರಾಮಾಗಿದ್ದಾರೆಯೇ ಎಂಬ ಪ್ರಶ್ನೆಗೆ ತರಗತಿ ನಡೆಯುತ್ತಿದೆ ಎಂಬುದು ಉತ್ತರವಾಗುವುದಾದರೆ, ಮಾನ್ಯರೇ, ನನ್ನಂಥವಳು ಫೋನಿಟ್ಟು ಚಪ್ಪಲಿ ಮೆಟ್ಟದೆ ಇನ್ನೇನು ಮಾಡುತ್ತಾಳೆ?

ಟೀಚರ ಮನೆಯ ಬಾಗಿಲು ತೆರೆದವರು ಅವರ ತಂಗಿ. ಇಬ್ಬರೇ ಇದ್ದ ಮನೆಯದು. ನಾನು ಮಾಸ್ಕಿನೊಳಗಿಂದಲೇ “ಟೀಚರಿದಾರಾ?” ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನಿಮಗೆ ಗೊತ್ತಿಲ್ವಾ? ಅಕ್ಕ ಹೋಗ್ಬಿಟ್ಳು. ಹೊಸ ಕನ್ನಡಕ ತಂದ ವಾರ ಜ್ವರ ಬಂತು, ಆಸ್ಪತ್ರೆಗೆ ಹೋದೋಳು ಬರಲೇ ಇಲ್ಲ. ಸ್ಕೂಲಿಗೆ ಅವತ್ತೇ ಫೋನ್ ಮಾಡಿ ಹೇಳಿದೆ. ಮಕ್ಕಳಿಗೆ ನಾವೇ ಸರಿಯಾದ ಟೈಮ್ ನೋಡಿ ಹೇಳ್ತೀವಿ, ನೀವೇನೂ ಹೇಳೋಕೆ ಹೋಗಬೇಡಿ ಅಂದ್ರು.” ಆಮೇಲೆ ಮೆಲ್ಲಗೆ ಸೇರಿಸಿದರು: “ಒಂದು ಮಗುನೂ ಫೋನ್ ಮಾಡಲಿಲ್ಲ. ಅಕ್ಕ ಅಷ್ಟು ಜೀವ ಬಿಡ್ತಿದ್ಳು ಆ ಮಕ್ಕಳು ಅಂದ್ರೆ. ಒಂದೂ ಕೇಳಲಿಲ್ವಲ್ಲ ಅಂತ...”

ಇತ್ತ ಮಗು, ಟೀಚರು ತನ್ನನ್ನು ಕೈಬಿಟ್ಟರೆಂದು ನೊಂದಿದೆ. ಅತ್ತ ತಂಗಿ, ಮಕ್ಕಳು ಅಕ್ಕನನ್ನು ಮರೆತರೆಂದು ನೊಂದಿದ್ದಾರೆ. ನಡುವೆ ನೀವು ಮತ್ತು ನಿಮ್ಮ ಪ್ರಶಂಸಾಪತ್ರ.

ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಎಲ್ಲ ಹೇಳಿದೆ. ಆಕೆಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಆಕೆ ಕೇಳಿದ್ದು ಒಂದೇ: “ಮಾತಾಡ್ತಾಳಾ? ಅವಳ ಧ್ವನಿ ಬರುತ್ತಾ? ನಾಳೆ ಎಷ್ಟು ಗಂಟೆಗೆ?”

ಮರುದಿನ ನಮ್ಮ ಮನೆಯ ಸ್ಟೂಲಿನ ಮೇಲೆ ಟೀಚರ ತಂಗಿ ಕುಳಿತರು. ಪಕ್ಕದಲ್ಲಿ ನನ್ನ ಮಗಳು. ಅವಳಿಗೆ ಹಿಂದಿನ ಸಂಜೆಯೇ ಹೇಳಿದ್ದೆ. ಹೇಳುವಾಗ ಅವಳು ಅಳಲಿಲ್ಲ; “ನಾನು ಅವರಿಗೆ ಮೋಸ ಅಂದೆ” ಎಂದಳು, ಮತ್ತೆ ಮತ್ತೆ ಅದನ್ನೇ ಅಂದಳು. ಟೀಚರು ಪರದೆಗೆ ಬಂದರು. ಚುಕ್ಕಿ ಇಟ್ಟರು. ಪಾಠದ ನಡುವೆ ಕತ್ತು ಹೊರಳಿಸಿ, ನಮಗೆ ಕಾಣದ ಯಾರಿಗೋ “ಹಾಲು ಉಕ್ತಿದೆ ನೋಡೇ” ಎಂದರು. ತಂಗಿ ಸೆರಗು ಬಾಯಿಗೊತ್ತಿಕೊಂಡು, ಅಳುತ್ತಲೋ ನಗುತ್ತಲೋ ಎಂದು ತಿಳಿಯದಂತೆ, “ಅದು ನಂಗೆ ಅಂದಿದ್ದು. ಅವತ್ತು ಹಾಲೆಲ್ಲ ಒಲೆ ಮೇಲೆ ಹೋಯ್ತು. ಆಮೇಲೆ ಚೆನ್ನಾಗಿ ಬೈದ್ಲು” ಎಂದರು. ಆಗ ನನ್ನ ಮಗಳು ಅವರ ಮಡಿಲಿಗೆ ಮುಖ ಹಾಕಿ ಅತ್ತಳು. ಅಲ್ಲಿ ಟೀಚರು ದಶಮಾಂಶ ಬಿಂದುವನ್ನು ಎಲ್ಲಿಡಬೇಕೆಂದು ವಿವರಿಸುತ್ತಲೇ ಇದ್ದರು. ತಡೆದು ನಿಲ್ಲಲು ಅವರಿಗೆ ಸಾಧ್ಯವಿರಲಿಲ್ಲ. ಬದುಕಿದ್ದಿದ್ದರೆ ಒಂದು ಮಗು ಮೂಗೆಳೆದರೂ ನಿಲ್ಲಿಸುತ್ತಿದ್ದರು.

ಸುದ್ದಿ ಮನೆಯಿಂದ ಮನೆಗೆ ಹಬ್ಬಿತು. ಮಕ್ಕಳು ತಾವೇ ಮಾತಾಡಿಕೊಂಡರು. ಅದರ ಮರುದಿನ ಇಡೀ ಆರನೇ ತರಗತಿ ಒಂದೇ ಸಾಲನ್ನು ಬರೆದು ಕಳಿಸಿತು: ‘ನಮ್ಮ ಟೀಚರ್ ಎಲ್ಲಿ?’ ಪ್ರತಿಯೊಬ್ಬರಿಗೂ ಉತ್ತರ ಬಂತು. ಯಾವ ಉತ್ತರವೆಂದು ನೀವು ಊಹಿಸಬಲ್ಲಿರಿ. ಹಳದಿ ಮುಖವೂ ಇತ್ತು. ಆಮೇಲೆ ಯಾರಿಗೋ ಎಚ್ಚರವಾಗಿರಬೇಕು. ಬರೆಯುವ ಜಾಗವನ್ನೇ ಮುಚ್ಚಿದರು. ‘ತಾಂತ್ರಿಕ ಕಾರಣ’ ಎಂದರು.

ಆ ಉತ್ತರಗಳನ್ನು ಕಳಿಸುತ್ತಿದ್ದವರು ಯಾರೆಂದು ಪತ್ತೆ ಹಚ್ಚಲು ನಾನು ಹೊರಟಾಗ ಮನಸ್ಸಿನಲ್ಲಿ ಒಬ್ಬ ರಾಕ್ಷಸನ ಚಿತ್ರವಿತ್ತು. ಸಿಕ್ಕಿದವರು ಆಟದ ಮೇಷ್ಟ್ರು. ಕೊರಳಲ್ಲಿ ಸದಾ ಸೀಟಿ ತೂಗುವುದರಿಂದ ಮಕ್ಕಳು ಅವರನ್ನು ಸೀಟಿ ಸರ್ ಎನ್ನುತ್ತಾರೆ. ಮೈದಾನ ಮುಚ್ಚಿದ್ದರಿಂದ ‘ಕೆಲಸವಿಲ್ಲದ’ ಅವರನ್ನು ಒಂದು ಕಂಪ್ಯೂಟರಿನ ಮುಂದೆ ಕೂರಿಸಿ, ಎಲ್ಲ ತರಗತಿಗಳಿಂದ ಬರುವ ಪ್ರಶ್ನೆಗಳಿಗೂ ಸಿದ್ಧ ಉತ್ತರದ ಗುಂಡಿ ಒತ್ತಲು ಹೇಳಿದ್ದರು. ನಾನು ಫೋನಿನಲ್ಲಿ ಮಗಳ ಸಂದೇಶವನ್ನು ಓದಿ ಹೇಳಿದೆ. ಆ ಸಂಜೆಯೇ ನಮ್ಮ ಲಾಂಡ್ರಿಯ ಮುಂದೆ ಬಂದು ಬೀದಿಯಲ್ಲಿ ನಿಂತು, ಕಿಟಕಿಯ ಕಡೆ ತಲೆಯೆತ್ತಿ ಮಗಳನ್ನು ಕರೆದರು.

“ಮಗಾ, ಆ ಉತ್ತರ ಕಳಿಸಿದ್ದು ಟೀಚರಲ್ಲ, ನಾನು. ನಿನ್ನ ಮೆಸೇಜು ನಾನು ಓದಲೇ ಇಲ್ಲ. ಒಂದಾದ ಮೇಲೊಂದು ಬರ್ತಾನೇ ಇತ್ತು, ಒತ್ತುತ್ತಾ ಹೋದೆ. ತಪ್ಪಾಯ್ತು.”

ಮಗಳು ಕಿಟಕಿಯ ಸರಳು ಹಿಡಿದು ಕೇಳಿದಳು: “ಹಾಗಾದ್ರೆ ಟೀಚರಿಗೆ ನನ್ನ ಮೇಲೆ ಕೋಪ ಇರ್ಲಿಲ್ವಾ ಸರ್?”

“ಅಯ್ಯೋ, ಇಲ್ಲ ಕಂದಾ. ಅವರಿಗೆ ನಿನ್ನ ಮೆಸೇಜು ಸಿಕ್ಕೇ ಇಲ್ಲ. ಸಿಕ್ಕಿದ್ರೆ ನಿಮ್ಮನೆ ಬಾಗಿಲಿಗೇ ಬಂದ್ಬಿಡ್ತಿದ್ರು.”

ಬೀದಿಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದರು. ಆ ದೊಡ್ಡ ಮೈಯ ಮನುಷ್ಯ ಮಾಸ್ಕಿನ ಮೇಲಿಂದ ಕಣ್ಣೊರೆಸಿಕೊಂಡರು. ಈ ಇಡೀ ಪ್ರಕರಣದಲ್ಲಿ ನಮಗೆ ಸಿಕ್ಕ ಕ್ಷಮೆ ಅದೊಂದೇ. ಅತ್ಯಂತ ಕಡಿಮೆ ತಪ್ಪು ಮಾಡಿದವರು ಬಂದು ಕೇಳಿಹೋದರು. ಉಳಿದವರು ಇನ್ನೂ ಅಲಭ್ಯ.

ಇನ್ನು ನಿಮ್ಮ ವಿಷಯ. ನಿಮಗೆ ನೆನಪಿದೆಯೋ ಇಲ್ಲವೋ, ನಾನು ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಗಾಜಿನ ಆಚೆ ಕುಳಿತಿದ್ದಿರಿ. ನಾನು ಹೇಳಿದ್ದನ್ನೆಲ್ಲ ಕೇಳಿ “ನೋಡಿಮ್ಮ, ಪಾಠದಲ್ಲಿ ತಪ್ಪೇನೂ ಇರಲಿಲ್ಲ ಅಲ್ವಾ?” ಎಂದಿರಿ. ಇರಲಿಲ್ಲ. ಲೆಕ್ಕಗಳೆಲ್ಲ ಸರಿಯಾಗಿದ್ದವು. “ಮತ್ತೆ? ಮಕ್ಕಳ ಮನಸ್ಸಿಗೆ ಆಘಾತ ಆಗಬಾರದು ಅಂತ ಶಾಲೆಯವರು ಸ್ವಲ್ಪ ದಿನ ಹೇಳಿಲ್ಲ. ಅವರ ಉದ್ದೇಶ ಒಳ್ಳೇದೇ.” ಹೌದೇ? ಆ ದಿನಗಳಲ್ಲಿ ನಮ್ಮ ಮಕ್ಕಳು ಕಿಟಕಿಯಲ್ಲಿ ಕುಳಿತು ಆಂಬುಲೆನ್ಸುಗಳನ್ನು ನೋಡುತ್ತಿದ್ದರು. ಯಾರ ಮನೆಯ ಮುಂದೆ ನಿಂತಿತು, ಯಾರು ಹೋದರು, ಯಾರು ಬಂದರು ಎಂಬುದು ನಮಗಿಂತ ಅವರಿಗೆ ಮೊದಲು ತಿಳಿಯುತ್ತಿತ್ತು. ಸಾವನ್ನು ತಾಳಿಕೊಳ್ಳಲು ಅವರಿಂದ ಆಗುವುದಿಲ್ಲ, ಆದರೆ ಬದುಕಿರುವ ಟೀಚರು ತಮ್ಮನ್ನು ಕಡೆಗಣಿಸುತ್ತಿದ್ದಾರೆಂಬುದನ್ನು ತಾಳಿಕೊಳ್ಳಲು ಆಗುತ್ತದೆ ಎಂದು ಲೆಕ್ಕ ಹಾಕಿದವರು ಯಾರು? ಅಥವಾ ಮಕ್ಕಳ ಮನಸ್ಸಿನ ನೆಪ ಆಮೇಲೆ ಹೊಳೆದದ್ದೇ? ಒಂದು ತರಗತಿ ರದ್ದಾದರೆ ಯಾರ ಹೆಸರು ಕೆಡುತ್ತಿತ್ತು? ಬೇರೆ ಟೀಚರನ್ನು ಹುಡುಕುವ ಕೆಲಸ ಯಾರಿಗೆ ಬೇಡವಾಗಿತ್ತು? ನಾನು ಕೇಳುತ್ತಿದ್ದೇನೆ, ಅಷ್ಟೆ. ನೀವು ಇದನ್ನೂ ಅನಗತ್ಯ ಸಂಶಯ ಎಂದು ಬರೆದುಕೊಳ್ಳಬಹುದು.

ನಿಮ್ಮ ‘ಆಘಾತ’ ತಪ್ಪಿಸಿದ ಮೇಲೆ ನನ್ನ ಮಗಳು ಹೇಗಾದಳೆಂದು ಹೇಳುತ್ತೇನೆ. ಬರೆಯುವ ಜಾಗ ಮತ್ತೆ ತೆರೆದು, ಹೊಸ ಗಣಿತದ ಟೀಚರು ಪರದೆಗೆ ಬಂದ ಮೊದಲ ದಿನ ಅವಳು ‘ಮೇಡಂ, ದಯವಿಟ್ಟು ಎಡಗೈ ಎತ್ತಿ’ ಎಂದು ಬರೆದಳು. ಆ ಚಿಕ್ಕ ವಯಸ್ಸಿನ ಟೀಚರು ಪುಣ್ಯಾತ್ಗಿತ್ತಿ, ಏಕೆಂದು ಕೇಳದೆ ಎತ್ತಿದರು. ನನ್ನ ಗಂಡ ಕಾರ್ಖಾನೆಯಿಂದ ವಿಡಿಯೊ ಕರೆ ಮಾಡಿದರೆ “ಅಪ್ಪಾ, ಮೂಗು ಮುಟ್ಕೋ” ಎನ್ನುತ್ತಾಳೆ. ಅವರು ಮೊದಲು ನಕ್ಕರು. ಈಗ ಕರೆ ಹತ್ತಿದ ಕೂಡಲೇ, ಅವಳು ಕೇಳುವ ಮುಂಚೆಯೇ ಮೂಗು ಮುಟ್ಟಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಅನುಮಾನದ ಖಾತೆ ನನ್ನೊಬ್ಬಳದೇ ಇದ್ದಾಗ ಅದೊಂದು ತಮಾಷೆಯಾಗಿತ್ತು. ಹನ್ನೆರಡು ತುಂಬದ ಹುಡುಗಿ ಅದನ್ನು ನನ್ನ ಕೈಯಿಂದ ವಹಿಸಿಕೊಂಡಿರುವುದು ತಮಾಷೆಯಲ್ಲ.

ಈಗ ಶಾಲೆ ತೆರೆಯುತ್ತಿದೆ. ಆ ವಿಡಿಯೊಗಳನ್ನು ಮುಂದಿನ ವರ್ಷದ ಮಕ್ಕಳಿಗೂ ತೋರಿಸುವ ಯೋಚನೆಯಿದೆಯಂತೆ. “ಟೀಚರ ಸೇವೆ ಹೀಗಾದ್ರೂ ಮುಂದುವರಿಯುತ್ತೆ” ಎಂದು ಮುಖ್ಯೋಪಾಧ್ಯಾಯಿನಿ ನನಗೇ ಹೇಳಿದರು. ಅವುಗಳನ್ನೆಲ್ಲ ಅಳಿಸಿಹಾಕಿ ಎಂದು ಕೇಳಲು ಈ ಪತ್ರ ಶುರು ಮಾಡಿದ್ದೆ. ಟೀಚರ ತಂಗಿ ತಡೆದರು. “ಅಳಿಸ್ಬೇಡಿ ಅನ್ನಿ. ಅಕ್ಕ ಕಷ್ಟಪಟ್ಟು ಮಾಡಿದಾಳೆ. ಆದ್ರೆ ಅವಳು ಇಲ್ಲ ಅಂತ ಹೇಳಿ ತೋರಿಸ್ಲಿ” ಎಂದರು. ಆದ್ದರಿಂದ ಹೀಗೆ ಕೇಳುತ್ತೇನೆ: ಆ ವಿಡಿಯೊಗಳ ಒಂದು ಪ್ರತಿ ತಂಗಿಯ ಕೈಗೆ ಸೇರಲಿ, ಅರ್ಜಿ ಗಿರ್ಜಿ ಎನ್ನದೆ. ಮುಂದೆ ಯಾವ ಮಗುವಿಗೆ ತೋರಿಸಿದರೂ, ಇದನ್ನು ಕಲಿಸಿದವರು ಯಾರು, ಅವರಿಗೆ ಏನಾಯಿತು ಎಂಬುದನ್ನು ಮೊದಲು ಹೇಳಲಿ. ‘ನೇರ’ ಎಂಬ ಪದ ನೇರವಾಗಿದ್ದಾಗ ಮಾತ್ರ ಉರಿಯಲಿ.

ಮತ್ತು ಇನ್ನೊಂದು. ಶಾಲೆ ತೆರೆಯುವ ದಿನ ತಾವೇ ಅತಿಥಿಗಳೆಂದು ಕೇಳಿದೆ. ಕೈತೊಳೆಯುವ ಹೊಸ ನಲ್ಲಿಗಳ ಉದ್ಘಾಟನೆಯಂತೆ. ಅದಾದ ಮೇಲೆ, ಹಾರ ತುರಾಯಿ ಕೆಳಗಿಟ್ಟು, ಈ ಮಕ್ಕಳ ತರಗತಿಗೆ ಬನ್ನಿ. ಮುಖ್ಯೋಪಾಧ್ಯಾಯಿನಿಯನ್ನೂ ಕರೆದುಕೊಂಡು ಬನ್ನಿ. ‘ನಿಮ್ಮ ಟೀಚರು ತೀರಿಕೊಂಡರು. ನಮಗೆ ಗೊತ್ತಿತ್ತು. ನಾವು ನಿಮಗೆ ಹೇಳಲಿಲ್ಲ’ ಎಂದು ನಿಮ್ಮ ಬಾಯಿಂದಲೇ ಹೇಳಿ. ‘ಅಗಲಿದರು’, ‘ನಮ್ಮ ನಡುವೆ ಇಲ್ಲ’ ಎಂದೆಲ್ಲ ಸುತ್ತಿ ಹೇಳಬೇಡಿ. ಅವರು ಗಣಿತ ಕಲಿತ ಮಕ್ಕಳು, ನೇರವಾಗಿ ಹೇಳಿದರೆ ಅರ್ಥವಾಗುತ್ತದೆ. ಕೆಲವರು ಅಳುತ್ತಾರೆ. ಒಬ್ಬಿಬ್ಬರು ನಗಲೂಬಹುದು, ಆ ವಯಸ್ಸೇ ಹಾಗೆ. ನಿಮ್ಮ ಕಾರು ಕಾಯುತ್ತಿದ್ದರೂ ಕಾಯಲಿ. ಹೇಳಿ ಮುಗಿಸಿದ ಕೂಡಲೇ ಹೊರಡಬೇಡಿ, ಅವರ ಜೊತೆ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.

ಪೋಷಕರನ್ನು ಒಳಗೆ ಬಿಡುವುದಿಲ್ಲವಂತೆ. ಪರವಾಗಿಲ್ಲ. ನಾನು ಗೇಟಿನ ಹೊರಗೆ ನಿಂತಿರುತ್ತೇನೆ. ನೀವು ಹೇಳಿದಿರೋ ಇಲ್ಲವೋ ಎಂದು ಯಾರನ್ನೂ ಕೇಳುವುದಿಲ್ಲ. ಹೊರಗೆ ಬರುವ ಮಗಳ ಮುಖ ನೋಡಿದರೆ ನನಗೆ ತಿಳಿಯುತ್ತದೆ.

ಇಂತಿ,
ನಿಮ್ಮ ಕಚೇರಿಯಲ್ಲಿ ಪತ್ರಗಳನ್ನು ಮನುಷ್ಯರೇ ಓದುತ್ತಾರೆಂದು ನಂಬಲು ಇನ್ನೂ ಪ್ರಯತ್ನಿಸುತ್ತಿರುವ
ಒಬ್ಬ ಹುಡುಗಿಯ ತಾಯಿ